ಒಲೆಯ ಮೇಲಿನ ಮನೆ

ಡಚ್ಚರ ನಾಡಿನ ಟಿಲ್‌ಬರ್ಗ್‌ನಲ್ಲಿ ನಾವಿದ್ದ ಮನೆ ಒಂದು ಇಂಡಿಯನ್ ರೆಸ್ಟೋರೆಂಟಿನ ಅಡುಗೆಮನೆಯ ನೆತ್ತಿಯ ಮೇಲಿತ್ತು. ಮುಂದಿನ ಬೀದಿಯಿಂದ ನೋಡಿದರೆ ಅಲ್ಲಿ ಒಂದು ಸಂಸಾರ ಇದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಓಣಿಗೆ ಬಂದು, ಕಸದ ತೊಟ್ಟಿಗಳನ್ನೂ ಎಣ್ಣೆಯ ಖಾಲಿ ಡಬ್ಬಗಳನ್ನೂ ದಾಟಿ, ಏಣಿಯಂತೆ ಕಡಿದಾದ ಮೆಟ್ಟಿಲು ಹತ್ತಬೇಕಿತ್ತು. ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಅಮ್ಮಿ, ನಾನು, ತಂಗಿ ನಾಜು. ಹಿಂದಿನದರಲ್ಲಿ ಅಬ್ಬಾ ಮತ್ತು ರೆಸ್ಟೋರೆಂಟಿನ ಅಕ್ಕಿ ಮೂಟೆಗಳು. ಗೋಡೆಯುದ್ದಕ್ಕೂ ಬಾಸುಮತಿ ಮೂಟೆಗಳನ್ನು ಒಟ್ಟಿದ್ದರು. ಅಬ್ಬಾ ಅವುಗಳ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಆ ಮನೆಯ ಬಾಡಿಗೆ ಅಬ್ಬಾನ ಸಂಬಳದಲ್ಲೇ ಮುರಿದುಹೋಗುತ್ತಿತ್ತು. ಮೂಟೆಗಳಿಗೆ ಬಾಡಿಗೆ ಇರಲಿಲ್ಲ, ನಮಗಿತ್ತು. ಕೆಳಗೆ ಹೊಗೆ ಎಳೆಯುವ ಫ್ಯಾನು ಬೆಳಿಗ್ಗೆ ಶುರುವಾದರೆ ನಮ್ಮ ನೆಲ ಸಣ್ಣಗೆ ಅದುರುತ್ತಿತ್ತು. ಈರುಳ್ಳಿ, ಗರಂ ಮಸಾಲೆ, ಸುಟ್ಟ ಕೋಳಿಯ ವಾಸನೆ ನಮ್ಮ ಹಾಸಿಗೆಗೆ, ಸ್ವೆಟರಿಗೆ, ನನ್ನ ಜಡೆಗೆ ಅಂಟಿರುತ್ತಿತ್ತು. ಅಮ್ಮಿ ಬಟ್ಟೆ ಒಗೆದು ಒಳಗೇ ಒಣಗಿಸುತ್ತಿದ್ದಳು, ಒಣಗುವಷ್ಟರಲ್ಲಿ ಮತ್ತೆ ಅದೇ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಕಿಟಕಿ ತೆರೆಯುತ್ತಿದ್ದಳು. ಒಂದೇ ಒಂದು ಸುಖವೆಂದರೆ ಬೆಚ್ಚಗಿತ್ತು. ಕೆಳಗೆ ತಂದೂರ್ ಉರಿಯುತ್ತಿದ್ದುದರಿಂದ ಚಳಿಗಾಲದಲ್ಲೂ ನಾವು ಬರಿಗಾಲಲ್ಲಿ ಓಡಾಡುತ್ತಿದ್ದೆವು.

ಅಬ್ಬಾ ಇಳಕಲ್ಲಿನ ಕಡೆಯವರು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ದೊಡ್ಡ ಅಡುಗೆಯವರಾಗಿದ್ದಾಗ ಅವರ ಬಿರಿಯಾನಿ ತಿಂದು ಮೆಚ್ಚಿ ಕರೆದುಕೊಂಡು ಬಂದವರು ಶೇಖರ್ ಅಂಕಲ್. ಅಂಕಲ್ ಬೆಂಗಳೂರಿನವರು. ಟಿಲ್‌ಬರ್ಗ್‌ನಲ್ಲಿ ರೆಸ್ಟೋರೆಂಟು, ಹತ್ತಿರದ ಬೆಸ್ಟ್ ಎಂಬ ಊರಿನಲ್ಲಿ ಹಿತ್ತಲಿರುವ ಮನೆ. ವಯಸ್ಸಿನಲ್ಲಿ ಅಬ್ಬಾನಿಗಿಂತ ಚಿಕ್ಕವರು, ಆದರೂ ಅಬ್ಬಾನನ್ನು 'ರಫೀಕ್, ಬಾರೋ' ಎಂದು ಕರೆಯುತ್ತಿದ್ದರು. ಅಬ್ಬಾ ಅವರನ್ನು 'ಸರ್' ಎನ್ನುತ್ತಿದ್ದರು. ಈ ದೇಶದಲ್ಲಿ ಇರಲು ಅಬ್ಬಾನಿಗೆ ಕೊಟ್ಟ ಪರವಾನಗಿ ಆ ಒಂದು ಅಡುಗೆಮನೆಗೆ ಮಾತ್ರ ಸೇರಿದ್ದು. ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಹೆಚ್ಚು ಸಂಬಳ ಕೊಡುತ್ತೇನೆಂದರೂ ಸುಮ್ಮನೆ ಎದ್ದು ಹೋಗುವಂತಿರಲಿಲ್ಲ. ಕೆಲಸ ಅಂಕಲ್‌ದು, ಸೂರು ಅಂಕಲ್‌ದು, ದೇಶದಲ್ಲಿರುವ ಅನುಮತಿ ಅಂಕಲ್‌ರ ಸಹಿಯದು. ಒಬ್ಬ ಮನುಷ್ಯ ಮುನಿಸಿಕೊಂಡರೆ ಎಲ್ಲವೂ ಒಂದೇ ದಿನ ಹೋಗುತ್ತಿದ್ದವು. ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಮ್ಮಿಯ ಕಾರ್ಡಿನಲ್ಲಂತೂ ದುಡಿಯಬಾರದು ಎಂದೇ ಬರೆದಿತ್ತು. ಗಂಡನ ಹಾಗೆಯೇ ಅವಳಿಗೂ ಯಾರಾದರೂ ಬೇರೆ ಅರ್ಜಿ ಹಾಕಬೇಕು, ಯಾರು ಹಾಕುತ್ತಾರೆ? ಊರಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು ಬಸ್ಸಿಗೆ ಓಡುತ್ತಿದ್ದ ಟೀಚರಮ್ಮ ಇಲ್ಲಿ ಆ ಎರಡು ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆಲ ಒರೆಸುತ್ತಿದ್ದಳು. ನಾಲ್ಕು ಹೊಟ್ಟೆಗೆ ಎರಡೇ ಕೈ ದುಡಿಯಬೇಕು ಎಂದು ಕಾನೂನೇ ಹೇಳಿದ ಮೇಲೆ ಆ ಮನೆ ಬಡವಾಗಿರಲು ಇನ್ಯಾವ ಕಾರಣ ಬೇಕು?

ಊಟ ಕೆಳಗಿನಿಂದ ಬರುತ್ತಿತ್ತು. ಗಿರಾಕಿಗಳಿಗೆ ಬಡಿಸಿ ಮಿಕ್ಕದ್ದು: ಬೆಣ್ಣೆ ಕೋಳಿಯ ಗೊಜ್ಜು, ಒಣಗಿದ ನಾನ್. ಅಬ್ಬಾ ಅದನ್ನು ಬಿಸಿ ಮಾಡಿ ತರುತ್ತಿದ್ದರು. ಅಮ್ಮಿ ಮುಟ್ಟುತ್ತಿರಲಿಲ್ಲ. ಯಾರೋ ಊರಿಂದ ಬಂದವರು ತಂದುಕೊಟ್ಟ ಜೋಳದ ಹಿಟ್ಟು ಇರುವಷ್ಟು ದಿನ ರೊಟ್ಟಿ ಬಡಿಯುತ್ತಿದ್ದಳು, ಅದು ಮುಗಿದರೆ ಅನ್ನ, ಪುಂಡಿ ಪಲ್ಲೆಯ ಬದಲು ಇಲ್ಲಿನ ಪಾಲಕ್. ರೊಟ್ಟಿ ಬಡಿಯುವ ಸದ್ದು ಕೆಳಗೆ ಊಟ ಮಾಡುವವರಿಗೆ ಕೇಳುತ್ತದೆ ಎಂದು ಅಂಕಲ್ ಒಮ್ಮೆ ಹೇಳಿ ಕಳಿಸಿದ್ದರು. ಅಂದಿನಿಂದ ಅಮ್ಮಿ ಅಂಗಡಿ ತೆರೆಯುವ ಮುಂಚೆಯೇ ಬಡಿದು ಮುಗಿಸುತ್ತಿದ್ದಳು. ಈ ವಿಷಯಕ್ಕೇ ನಮ್ಮ ಮನೆಯಲ್ಲಿ ಜಗಳ.

"ಒಬ್ರು ಉಳಿಸಿದ್ದ ತಿಂದು ಒಬ್ರ ಮನ್ಯಾಗ ಸಪ್ಪಳ ಇಲ್ದಂಗ ಬದಕಬೇಕೇನ್ರಿ ನಾವು?" ಎನ್ನುತ್ತಿದ್ದಳು ಅಮ್ಮಿ.

"ತಟ್ಟಿನ್ಯಾಗಿನ ಎಂಜಲ ಅಲ್ಲದು, ಪಾತೇಲಿನ್ಯಾಗಿಂದು. ನಾ ಮಾಡಿದ್ದು," ಎನ್ನುತ್ತಿದ್ದರು ಅಬ್ಬಾ. "ಆ ಮನಷ್ಯಾ ಕರಕೊಂಡು ಬರದಿದ್ರ ಇಲ್ಲಿ ಇರತಿದ್ವೇನು ನಾವು? ನಿನಗ ಶುಕರ್ ಅನ್ನೂದ ಗೊತ್ತಿಲ್ಲ."

ಶುಕರ್, ಕೃತಜ್ಞತೆ. ಆ ಮಾತನ್ನು ಅಬ್ಬಾ ಐದು ಹೊತ್ತಿನ ನಮಾಜಿಗಿಂತ ಹೆಚ್ಚು ಸಲ ಹೇಳುತ್ತಿದ್ದರು. ಅಂಕಲ್‌ರ ಬಳಿ ನಮ್ಮ ಮನೆಯ ಚಾವಿ ಇತ್ತು. ಅಕ್ಕಿ ಬೇಕಾದಾಗ, ಕಡತಗಳನ್ನು ಇಟ್ಟ ಪೆಟ್ಟಿಗೆ ಬೇಕಾದಾಗ, ಕದ ತಟ್ಟದೆ ಬರುತ್ತಿದ್ದರು. ಅಮ್ಮಿ ಮನೆಯೊಳಗೂ ದುಪಟ್ಟಾ ತಲೆಯ ಮೇಲಿಂದ ಇಳಿಸುತ್ತಿರಲಿಲ್ಲ. ಅದು ಧರ್ಮಕ್ಕೆ ಹೆದರಿ ಅಲ್ಲ, ಆ ಚಾವಿಗೆ ಹೆದರಿ.

ದೀಪಾವಳಿಗೆ ಅಂಕಲ್ ನಮ್ಮನ್ನು ಬೆಸ್ಟ್‌ನ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಬ್ಬಾ ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದರು, ನಾವು ಒಳಗೆ ಸೋಫಾದ ತುದಿಯಲ್ಲಿ ಕೂರುತ್ತಿದ್ದೆವು. ಕಂಪ್ಯೂಟರ್ ಕೆಲಸದ ಕನ್ನಡದ ಕುಟುಂಬಗಳೆಲ್ಲ ಬರುತ್ತಿದ್ದವು. ಕೊರೊನಾಕ್ಕೆ ಮುಂಚಿನ ಕೊನೆಯ ದೀಪಾವಳಿಯಲ್ಲಿ ಅಂಕಲ್‌ರ ಹೆಂಡತಿ ತಟ್ಟೆಯಲ್ಲಿ ಚಕ್ಕುಲಿ ಹಿಡಿದುಕೊಂಡು, ಇಲ್ಲಿಯೂ ಬಡವರಿದ್ದಾರೆ ನೋಡಿ ಎಂದು ಯಾರಿಗೋ ವಿವರಿಸುತ್ತಿದ್ದರು.

"ಗೌರ್ಮೆಂಟು ಎಲ್ಲಾ ಕೊಡತ್ತೆ ಇಲ್ಲಿ. ಆದ್ರೂ ಪೂವರ್ ಆಗೇ ಇರ್ತಾರೆ ಅಂದ್ರೆ ಪ್ಲ್ಯಾನಿಂಗ್ ಇಲ್ಲ ಅಷ್ಟೆ. ಲ್ಯಾಂಗ್ವೇಜ್ ಕಲಿಯಲ್ಲ, ಮಕ್ಕಳನ್ನ ಓದ್ಸಲ್ಲ."

ಅಮ್ಮಿ ಪಕ್ಕದಲ್ಲೇ ಇದ್ದಳು. ಆಂಟಿ ನಮ್ಮನ್ನು ಕುರಿತು ಹೇಳಲಿಲ್ಲ. ನಾವು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಅಮ್ಮಿ ನನ್ನನ್ನು ಓದಿಸುತ್ತಿದ್ದಳು. ರೆಸ್ಟೋರೆಂಟಿನ ಹಳೆಯ ಮೆನು ಹಾಳೆಗಳ ಹಿಂಬದಿ ಖಾಲಿ ಇರುತ್ತಿತ್ತು. ಅದರ ಮೇಲೆ ಭಿನ್ನರಾಶಿ, ಶೇಕಡಾ, ತ್ರಿಕೋನ. ಪ್ರತಿ ಭಾನುವಾರ ನಾಜುವನ್ನು ಮಲಗಿಸಿ ನಾವಿಬ್ಬರೂ ಅಕ್ಕಿ ಮೂಟೆಯನ್ನೇ ಮೇಜು ಮಾಡಿಕೊಂಡು ಕೂರುತ್ತಿದ್ದೆವು. ಇಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷ ಮಕ್ಕಳಿಗೆ ಒಂದು 'ಅಡ್ವೀಸ್' ಕೊಡುತ್ತಾರೆ. ಮುಂದೆ ಯೂನಿವರ್ಸಿಟಿಯ ದಾರಿ ಹಿಡಿಯುವ ಶಾಲೆಯೋ, ಕೈಕೆಲಸ ಕಲಿಸುವ ಶಾಲೆಯೋ ಎಂದು ಹನ್ನೆರಡನೆಯ ವಯಸ್ಸಿಗೇ ಟೀಚರು ತೀರ್ಮಾನಿಸಿಬಿಡುತ್ತಾರೆ. ನನ್ನ ಟೀಚರು ಯುಫ್ ಇನೇಕೆ. ಇಲ್ಲಿ ಮಕ್ಕಳು ಟೀಚರನ್ನು ಯುಫ್ ಎಂದೇ ಕರೆಯುವುದು. ನನ್ನ ಗಣಿತ ತರಗತಿಯಲ್ಲೇ ಮುಂದಿತ್ತು. ಆದರೂ ಅವರು ಕೊಟ್ಟದ್ದು ಕೈಕೆಲಸದ, ಕೆಳಗಿನ ಶಾಲೆ. ಬೇಸಿಗೆಗೆ ಮುಂಚೆ ಒಂದು ಪರೀಕ್ಷೆ ಇದೆ, ಅದರಲ್ಲಿ ಚೆನ್ನಾಗಿ ಮಾಡಿದರೆ ಮೇಲಕ್ಕೆ ಏರಿಸುತ್ತೇನೆ ಎಂದರು. ಅಮ್ಮಿ ಅದನ್ನು ಕೇಳಿ ಬೇಜಾರು ಮಾಡಿಕೊಳ್ಳಲಿಲ್ಲ. ಪರೀಕ್ಷೆ ಎಂದರೆ ಅವಳಿಗೆ ಗೊತ್ತಿದ್ದ ವಿಷಯ. ಭಾನುವಾರದ ಪಾಠ ದಿನವೂ ನಡೆಯತೊಡಗಿತು.

ಅಷ್ಟರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು, ರೆಸ್ಟೋರೆಂಟು ಮುಚ್ಚಿತು, ಆ ವರ್ಷದ ಪರೀಕ್ಷೆಯನ್ನೂ ಇಡೀ ದೇಶಕ್ಕೆ ರದ್ದು ಮಾಡಿದರು. ಇನ್ನು ಟೀಚರು ಹೇಳಿದ್ದೇ ಕೊನೆ. ಸುದ್ದಿ ಕೇಳಿದ ಮಾರನೆಯ ದಿನ ಅಮ್ಮಿ ಮಾಸ್ಕ್ ಕಟ್ಟಿಕೊಂಡು, ಇಳಕಲ್ ಸೀರೆ ಉಟ್ಟು, ನನ್ನ ಕೈ ಹಿಡಿದು ಶಾಲೆಗೆ ನಡೆದಳು. ಆ ಊರಿಗೆ ಬಂದ ಮೇಲೆ ಅವಳು ಸೀರೆ ಉಟ್ಟದ್ದನ್ನು ನಾನು ನೋಡಿರಲಿಲ್ಲ. ಒಳಗೆ ಬಿಡುವಂತಿರಲಿಲ್ಲ. ಯುಫ್ ಇನೇಕೆ ಆಟದ ಅಂಗಳಕ್ಕೆ ಬಂದು ದೂರದಲ್ಲಿ ನಿಂತರು. ಮಧ್ಯೆ ನಾನು, ಇಬ್ಬರ ಮಾತನ್ನೂ ಆಚೆ ಈಚೆ ದಾಟಿಸುವವಳು.

"ನಾನೂ ಟೀಚರ ಅಂತ ಹೇಳು. ಗಣಿತದಾಗ ನೀ ಹೆಂಗ ಅದೀ ಅಂತ ನನಗ ಗೊತ್ತದ ಅಂತ ಹೇಳು. ಒಂದು ಪರೀಕ್ಷಾ ಅವರ ಬರದು ಕೊಡ್ಲಿ, ಇಲ್ಲೇ ನಿಂತು ಬರೀತಾಳ ಅನ್ನು."

ನಾನು ಹೇಳಿದೆ. ಯುಫ್ ಇನೇಕೆ ಕೆಟ್ಟ ಹೆಂಗಸಲ್ಲ. ತಲೆ ಓರೆ ಮಾಡಿ, ಬಹಳ ಮೃದುವಾಗಿ ಮಾತಾಡಿದರು.

"ಸಬೀಹಾ ಜಾಣೆ, ನನಗೆ ಗೊತ್ತು. ಆದರೆ ಮೇಲಿನ ಶಾಲೆಯಲ್ಲಿ ಮನೆಯವರ ಸಹಾಯ ತುಂಬಾ ಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಡಚ್ ಮಾತಾಡುವವರಿಲ್ಲ, ಅವಳಿಗೆ ಓದಲು ಕೋಣೆಯಿಲ್ಲ, ಕಂಪ್ಯೂಟರ್ ಇಲ್ಲ. ಅಲ್ಲಿ ಹೋಗಿ ಸೋಲುವುದಕ್ಕಿಂತ ಇಲ್ಲಿ ಸಂತೋಷವಾಗಿರಲಿ ಅಂತ."

"ಏನಂದ್ರು?" ಎಂದಳು ಅಮ್ಮಿ.

"ನಮಗ ಕೋಣಿ ಇಲ್ಲ, ಅದಕ್ಕ ಅಂತ."

"ಕೋಣಿ ಇಲ್ಲಂತ ಸಾಲಿ ಇಲ್ಲ. ಸಾಲಿ ಇಲ್ಲಂತ ನಾಳೆ ನಿನಗ ನೌಕರಿ ಇರೂದಿಲ್ಲ. ನೌಕರಿ ಇಲ್ಲಂತ ಕೋಣಿ ಇರೂದಿಲ್ಲ. ಇದನ್ನ ಹೇಳು ಆಕಿಗೆ."

ಅದನ್ನು ಡಚ್‌ನಲ್ಲಿ ಹೇಳಲು ಹೊರಟೆ. ಅರ್ಧದಲ್ಲಿ ಅಳು ಬಂತು. ಯುಫ್ ಇನೇಕೆ ನನ್ನನ್ನು ತಬ್ಬಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದು, ಕಾಯಿಲೆಯ ನೆನಪಾಗಿ ಹಿಂದೆ ಸರಿದರು. ಅಮ್ಮಿ ಅಂಗಳದಿಂದ ಹೊರಗೆ ಬರುವವರೆಗೆ ತಲೆ ತಗ್ಗಿಸಲಿಲ್ಲ. ನಾನು ಕೆಳಗಿನ ಶಾಲೆಗೆ ಸೇರಿದೆ. ಆ ಹೆಂಗಸಿನ ದಯೆಯ ಮೇಲೆ ನನಗೆ ಇಂದಿಗೂ ಕೋಪ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಬೇಸಿಗೆಯಲ್ಲಿ ರೆಸ್ಟೋರೆಂಟು ತೆರೆದು, ಚಳಿಗಾಲ ಬರುವಷ್ಟರಲ್ಲಿ ಮತ್ತೆ ಮುಚ್ಚಿತು. ಪಾರ್ಸೆಲ್ ಮಾತ್ರ. ಕೆಲಸಗಾರರ ಸಂಬಳಕ್ಕೆಂದು ಸರ್ಕಾರ ಮಾಲೀಕರಿಗೆ ನೆರವು ಕೊಡುತ್ತಿತ್ತು. ಅದು ಅಂಕಲ್‌ರಿಗೂ ಬರುತ್ತಿತ್ತು. ಆದರೂ ಅಬ್ಬಾನಿಗೆ ಅರ್ಧ ಸಂಬಳ. ಉಳಿದದ್ದು ಪರಿಸ್ಥಿತಿ ಸರಿಹೋದ ಮೇಲೆ ಎಂದರು. ಸಹಾಯಕ್ಕಿದ್ದ ಇಬ್ಬರು ಹುಡುಗರನ್ನು ಬಿಡಿಸಿ, ಪಾತ್ರೆ ತೊಳೆಯುವುದರಿಂದ ಸೈಕಲ್ ಮೇಲೆ ಪಾರ್ಸೆಲ್ ಮುಟ್ಟಿಸುವವರೆಗೆ ಅಬ್ಬಾನಿಂದಲೇ ಮಾಡಿಸಿದರು. ಜನವರಿಯಲ್ಲಿ ಅದೂ ನಷ್ಟವೆಂದು ವಾರದ ಕೊನೆಗೆ ಮಾತ್ರ ಒಲೆ ಹಚ್ಚತೊಡಗಿದರು. ಉಳಿದ ದಿನ ಕಟ್ಟಡದ ಹೀಟಿಂಗನ್ನೂ ಆರಿಸಿದರು. ಅದನ್ನು ಹಚ್ಚುವ ಬಾಯ್ಲರ್ ಕೆಳಗಿತ್ತು, ಆ ಕೋಣೆಗೆ ಬೀಗ. ಆ ವರ್ಷ ಹಿಮ ಬಿದ್ದು ಕಾಲುವೆಗಳು ಹೆಪ್ಪುಗಟ್ಟಿದವು. ಇಡೀ ದೇಶ ಖುಷಿಯಿಂದ ಐಸ್ ಮೇಲೆ ಜಾರಲು ಓಡಿತು. ನಮ್ಮ ಕಿಟಕಿಯ ಗಾಜಿನ ಒಳಬದಿಗೂ ಹಿಮ ಕಟ್ಟಿತ್ತು. ಅಂಕಲ್ ಒಂದು ಕರೆಂಟಿನ ಹೀಟರ್ ಕಳಿಸಿದರು. ಅದನ್ನು ಹಚ್ಚಿ ಕರೆಂಟಿನ ಒಲೆಯ ಮೇಲೆ ಅನ್ನಕ್ಕಿಟ್ಟರೆ ಫ್ಯೂಸ್ ಹೋಗುತ್ತಿತ್ತು. ಅನ್ನವೋ ಬಿಸಿಯೋ, ಒಂದನ್ನು ಆರಿಸಿಕೊಳ್ಳಬೇಕು.

ನಾಜುವಿಗೆ ಕೆಮ್ಮು ಹಿಡಿಯಿತು. ಅವಳಿಗೆ ಆಗ ನಾಲ್ಕು ವರ್ಷ. ಪರೀಕ್ಷೆ ಮಾಡಿಸಿದರೆ ಕೊರೊನಾ ಅಲ್ಲ ಎಂದು ಬಂತು, ಬರೀ ಚಳಿ. ಅಮ್ಮಿ ಹಿಂದಿನ ಕೋಣೆಯಿಂದ ಅಕ್ಕಿ ಮೂಟೆಗಳನ್ನು ಒಂದೊಂದಾಗಿ ಎಳೆದು ತಂದು ಕಿಟಕಿಗೆ ಅಡ್ಡ ಒಟ್ಟಿದಳು, ಹಾಸಿಗೆಯ ಎರಡು ಬದಿಗೂ ಗೋಡೆಯಂತೆ ನಿಲ್ಲಿಸಿದಳು. ಅವುಗಳ ನಡುವೆ ನಾಜು, ಮೇಲೆ ಮನೆಯಲ್ಲಿದ್ದ ಬಟ್ಟೆಗಳೆಲ್ಲ. ನಾನು ಪಕ್ಕದಲ್ಲಿ ಜಾಕೆಟು, ಟೋಪಿ ಹಾಕಿಕೊಂಡು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದೆ. ಹೊಸ ಶಾಲೆಯ ಟೀಚರು ಒಮ್ಮೆ, ಹೊರಗೆ ಹೋಗುತ್ತಿದ್ದೀಯಾ ಎಂದು ಕೇಳಿದರು. ಹೌದು ಎಂದೆ.

ಅಂಥದ್ದೇ ಒಂದು ಬೆಳಿಗ್ಗೆ ಪಾಠದ ನಡುವೆ ಚಾವಿ ತಿರುಗಿದ ಸದ್ದಾಯಿತು. ಅಂಕಲ್, ಹಿಂದೆ ಒಬ್ಬ ಡಚ್ ಮನುಷ್ಯ, ಅವನ ಕೈಯಲ್ಲಿ ಅಳತೆಯ ಟೇಪು. ಬೂಟು ಬಿಚ್ಚದೆ ಒಳಗೆ ಬಂದರು. ಅಬ್ಬಾ ಧಡಕ್ಕನೆ ಎದ್ದು ನಿಂತರು. ಅಂಕಲ್ ಕಣ್ಣು ನೇರ ಕಿಟಕಿಗೆ ಹೋಯಿತು.

"ಅಕ್ಕೀನ ಯಾಕಮ್ಮ ಇಲ್ಲಿ ತಂದಿಟ್ಟಿದೀರ? ತೇವ ಹಿಡಿಯತ್ತೆ. ಎಕ್ಸ್‌ಪೆನ್ಸಿವ್ ರೈಸ್ ಅದು."

ಮೂಟೆಗಳ ನಡುವೆ ನಾಜು ಕೆಮ್ಮಿದಳು.

"ಅಕ್ಕಿ ಕಾಣ್ತು ನಿಮಗ," ಎಂದಳು ಅಮ್ಮಿ. "ಹುಡುಗಿ ಕಾಣಲಿಲ್ಲ?"

ಅವಳು ಅಂಕಲ್ ಎದುರು ಮಾತಾಡಿದ್ದು ಅದೇ ಮೊದಲು. ಡಚ್ ಮನುಷ್ಯ ಇದಾವುದೂ ಅರ್ಥವಾಗದೆ ಗೋಡೆಯಿಂದ ಗೋಡೆಗೆ ಟೇಪು ಎಳೆಯುತ್ತಿದ್ದ. ಮಂಚದ ಮೇಲೆ ಮಂಚ ಹಾಕಿದರೆ ಇಲ್ಲಿ ನಾಲ್ಕು ಜನ, ಹಿಂದೆ ನಾಲ್ಕು ಜನ ಎಂದ. ಗೋದಾಮುಗಳಿಗೆ ಪೋಲೆಂಡಿನಿಂದ, ರೊಮೇನಿಯಾದಿಂದ ಆಳುಗಳನ್ನು ತರಿಸುವ ಏಜೆನ್ಸಿಯವನು. ನಾನು ಅದನ್ನು ಕನ್ನಡದಲ್ಲಿ ಅಮ್ಮಿಗೆ ಹೇಳಿದೆ.

"ಹೇ, ಅದು ಟೆಂಪರರಿ ಅಷ್ಟೆ," ಎಂದರು ಅಂಕಲ್. "ನೋಡಮ್ಮ, ಬಿಸಿನೆಸ್ ಹೆಂಗಿದೆ ಅಂತ ನಿಮಗೇ ಗೊತ್ತು. ತಿಂಗಳ ಕೊನೆ ಒಳಗೆ ಒಂದು ರೂಮ್ ನೋಡ್ಕೊಳ್ಳಿ. ರಫೀಕ್, ನೀನೇ ಹೇಳಪ್ಪ ನಿನ್ ವೈಫ್‌ಗೆ."

ಅಬ್ಬಾ ನೆಲ ನೋಡುತ್ತಿದ್ದರು. "ಆಕಿಗೆ ನಿದ್ದಿ ಇಲ್ರಿ ಸರ್, ಕೂಸಿಗೆ ಆರಾಮಿಲ್ಲ, ಅದಕ್ಕ..." ಎಂದರು.

ಅಮ್ಮಿ ಅವರ ಕಡೆ ತಿರುಗಲಿಲ್ಲ. ನನಗೆ ಹೇಳಿದಳು: "ಬೇಟಿ, ಆ ಮನಷ್ಯಾಗ ಅವನ ಭಾಷಾದಾಗ ಹೇಳು. ಇಲ್ಲಿ ಮಂದಿ ಅದಾರ ಅಂತ. ಹೀಟಿಂಗ್ ಬಂದ್ ಮಾಡ್ಯಾರ, ಸಣ್ಣ ಕೂಸು ಅಕ್ಕಿ ಚೀಲದಾಗ ಮಲಗ್ಯಾದ ಅಂತ. ಬೂಟ ಬಿಚ್ಚಿ ನಿಂದರು ಅನ್ನು."

ನಾನು ಎದ್ದು ನಿಂತು ಹೇಳಿದೆ, ಒಂದು ಮಾತೂ ಬಿಡದೆ, ಬೂಟಿನ ಮಾತನ್ನೂ ಸೇರಿಸಿ. ನನ್ನ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಆ ಮನುಷ್ಯ ಕೆಂಪಾದ. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಖಾಲಿ ಇದೆ ಎಂದಿರಲ್ಲ ಎಂದು ಅಂಕಲ್‌ಗೆ ಹೇಳಿ, ಮೆಟ್ಟಿಲಿಳಿದು ಹೋದ. ಅಂಕಲ್ ಬಾಗಿಲಲ್ಲಿ ನಿಂತು ಅಬ್ಬಾನನ್ನು ಮಾತ್ರ ನೋಡಿದರು.

"ಇಷ್ಟು ಮಾಡಿದ್ದಕ್ಕೆ ಇದಾ ರಫೀಕ್?"

ಮೊಬೈಲು ಹಾಸಿಗೆಯ ಮೇಲೆ ಹಾಗೇ ಉರಿಯುತ್ತಿತ್ತು. ನಾನು ಮೈಕು ಆರಿಸಿರಲಿಲ್ಲ. ನಾನು ಡಚ್‌ನಲ್ಲಿ ಆಡಿದ್ದನ್ನು ಇಡೀ ತರಗತಿ ಕೇಳಿಸಿಕೊಂಡಿತ್ತು. ಟೀಚರು ಪಾಠ ನಿಲ್ಲಿಸಿ ಎಲ್ಲರನ್ನೂ ಕಳಿಸಿ, ನನ್ನೊಬ್ಬಳನ್ನೇ ಉಳಿಸಿಕೊಂಡರು. ಅವರಿಂದಲೇ ನಮಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಕಚೇರಿಯೊಂದರ ವಿಳಾಸ ಸಿಕ್ಕಿತು. ಅಲ್ಲಿನ ಹೆಂಗಸು ಗಾಜಿನ ಆಚೆಯಿಂದ ಎಲ್ಲ ಕೇಳಿ, ಮಾಲೀಕ ಹೀಟಿಂಗ್ ಆರಿಸುವಂತಿಲ್ಲ, ಹೀಗೆ ಹೊರಗೆ ಹಾಕುವಂತಿಲ್ಲ, ಸಂಬಳ ಹಿಡಿಯುವಂತಿಲ್ಲ, ನಿಮಗೆ ಹಕ್ಕಿದೆ, ದೂರು ಕೊಡಿ ಎಂದಳು. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ, ನನ್ನ ಮೂಲಕ: ದೂರು ಕೊಟ್ಟು ಕೆಲಸ ಹೋದರೆ ನಾವು ಈ ದೇಶದಲ್ಲಿ ಇರಬಹುದೇ? ಆ ಹೆಂಗಸು, ಬೇಗ ಇನ್ನೊಂದು ಕೆಲಸ ಸಿಕ್ಕಿದರೆ ಇರಬಹುದು ಎಂದಳು. ಇಡೀ ದೇಶದ ಹೋಟೆಲುಗಳೆಲ್ಲ ಮುಚ್ಚಿದ್ದ ತಿಂಗಳು ಅದು. ಕಾಗದದ ಮೇಲೆ ನಮಗೆ ಹಕ್ಕಿತ್ತು, ಅದನ್ನು ಬಳಸಿದರೆ ಊರು ಬಿಡಬೇಕಿತ್ತು. ಬಡವರು ಯಾಕೆ ಬಾಯಿ ಬಿಡುವುದಿಲ್ಲ ಎಂದು ಕೇಳುವವರಿಗೆ ನಾನು ಈ ಗಾಜಿನ ಕಿಟಕಿಯ ಕಥೆ ಹೇಳುತ್ತೇನೆ. ದೂರು ಕೊಡಲಿಲ್ಲ.

ಅಬ್ಬಾ ದಿನಗಟ್ಟಲೆ ಫೋನು ಮಾಡಿದರು. ಕೊನೆಗೆ ಬೆಂಗಳೂರಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿತವನೊಬ್ಬ ಆಲ್ಮೆರೆ ಎಂಬ ಊರಿನಲ್ಲಿ ಮನೆಗಳಿಗೆ ಊಟ ಕಳಿಸುವ ಅಡುಗೆಮನೆ ನಡೆಸುತ್ತಿದ್ದದ್ದು ಗೊತ್ತಾಯಿತು. ಅವನು ಹೊಸ ಪರವಾನಗಿಗೆ ಅರ್ಜಿ ಹಾಕಿದ. ಏಜೆನ್ಸಿಯವನು ತಿರುಗಿ ಬರಲಿಲ್ಲ, ಹಾಗಾಗಿ ಪರವಾನಗಿ ಬರುವವರೆಗೆ ಅದೇ ಮನೆ, ಅಂಕಲ್ ಹತ್ತಿರವೇ ಕೆಲಸ, ಅದೇ ಚಳಿ. ಪರವಾನಗಿ ಕೈಗೆ ಬಂದ ಮೇಲೆ ಹೊರಟೆವು. ಆಲ್ಮೆರೆಯಲ್ಲಿ ನಮ್ಮದೇ ಚಾವಿಯ ಮನೆ ಸಿಕ್ಕಿತು, ಅಷ್ಟು ದೊಡ್ಡದಲ್ಲ, ಆದರೆ ತಟ್ಟದೆ ಯಾರೂ ಬರುತ್ತಿರಲಿಲ್ಲ. ದುಡಿಯುವ ಅನುಮತಿ ಬಂದಾಗ ಅಮ್ಮಿಯ ತಲೆಗೂದಲು ನೆರೆತಿತ್ತು. ಈಗ ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ನಾನು ಕೆಳಗಿನ ಶಾಲೆ ಮುಗಿಸಿ, ಅದರ ಮೇಲಿನದನ್ನು ಮುಗಿಸಿ, ಅದರ ಮೇಲಿನದನ್ನೂ ಮುಗಿಸಿ, ಬೇರೆಯವರು ನೇರ ನಡೆದು ಹೋದ ಕಡೆಗೆ ವರ್ಷಗಟ್ಟಲೆ ಸುತ್ತಿಕೊಂಡು ಹೋಗಿ ತಲುಪಿದೆ. ಕಷ್ಟಪಟ್ಟು ಮೇಲೆ ಬಂದ ಹುಡುಗಿ ಎಂದು ಹೊಗಳುತ್ತಾರೆ. ಆ ಕಷ್ಟವನ್ನು ನನ್ನ ಮುಂದೆ ತಂದಿಟ್ಟವರ ಹೆಸರು ಯಾರೂ ಕೇಳುವುದಿಲ್ಲ. ಅಂಕಲ್ ಈಗಲೂ ದೀಪಾವಳಿ ಮಾಡುತ್ತಾರೆ.

ಮನೆ ಬಿಟ್ಟ ದಿನದ್ದು ಇನ್ನೊಂದು ಹೇಳಬೇಕು. ವ್ಯಾನಿಗೆ ಸಾಮಾನು ಹೇರಿ ಆಗಿತ್ತು. ನಾಜು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅಬ್ಬಾ ಕಾಣಲಿಲ್ಲ. ಅಮ್ಮಿ ಮತ್ತು ನಾನು ಹುಡುಕಿಕೊಂಡು ಹೋದರೆ ಕೆಳಗಿನ ಅಡುಗೆಮನೆಯಲ್ಲಿದ್ದರು. ತೋಳು ಮಡಚಿ, ಮಂಡಿಯೂರಿ, ದೊಡ್ಡ ಗ್ಯಾಸ್ ಒಲೆಯನ್ನು ಬ್ರಷ್ಷಿನಿಂದ ಗಸಗಸ ತಿಕ್ಕುತ್ತಿದ್ದರು.

"ಏನ್ ಮಾಡಾಕತ್ತೀರಿ?" ಎಂದಳು ಅಮ್ಮಿ. "ಅವನ ಒಲಿ ಯಾಕ ತಿಕ್ತೀರಿ?"

"ಅವನದಲ್ಲ," ಎಂದರು ಅಬ್ಬಾ, ಮುಖ ಎತ್ತದೆ. "ಇಷ್ಟು ವರ್ಷ ನಾ ಅಡಗಿ ಮಾಡಿದ ಒಲಿ. ಹೊಲಸ ಬಿಟ್ಟು ಹೋಗಬಾರದು."

ಈ ಮಾತನ್ನು ಹೇಳಿದರೆ ಕೇಳಿದವರ ಕಣ್ಣು ತುಂಬುತ್ತದೆ, ಎಂಥ ದೊಡ್ಡ ಮನುಷ್ಯ ಎನ್ನುತ್ತಾರೆ. ನನಗೆ ಅಂದೂ ಸಿಟ್ಟು ಬಂದಿತ್ತು, ಇಂದೂ ಬರುತ್ತದೆ. ಬೆಸ್ಟ್‌ನ ಆ ಮನೆ, ಆ ಹಿತ್ತಲು, ಎಲ್ಲ ನಿಂತದ್ದು ಇಂಥವರ ಈ ಒಳ್ಳೆಯತನದ ಮೇಲೆಯೇ. ಅಮ್ಮಿ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಬಗ್ಗಿ, ಅಬ್ಬಾನ ಕೈಯಿಂದ ಬ್ರಷ್ ಕಿತ್ತುಕೊಂಡು ತೊಟ್ಟಿಗೆ ಎಸೆದಳು.

"ಏಳ್ರಿ. ಸಾಕು."

ಅಬ್ಬಾ ಎದ್ದರು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಮ್ಮ ಹಿಂದೆ ಬಂದರು. ಒಲೆ ಅರ್ಧ ಫಳಫಳ ಹೊಳೆಯುತ್ತಿತ್ತು. ಉಳಿದರ್ಧ ಎಣ್ಣೆ, ಮಸಿ ಹಿಡಿದು ಹಾಗೆಯೇ ಇತ್ತು.